ರಹೀಮ್ ಸಾಹೇಬರ ಮನೆತನ: ಹೈದರಾಬಾದು ರಾಜ್ಯದ ಫುಟ್‌ಬಾಲ್ ಪರಂಪರೆ

ಇಂದು ಮಹಾರಾಷ್ಟ್ರದ ಧಾರಾಶಿವ ಜಿಲ್ಲೆಯಲ್ಲಿರುವ ಉಮರ್ಗಾ ಹಾಗೂ ಲಾತೂರು ಜಿಲ್ಲೆಯಲ್ಲಿರುವ ನಿಲಂಗಾ ಮತ್ತು ಉದಗೀರ ತಾಲ್ಲೂಕುಗಳು 1956ರ ನವೆಂಬರ್ 1ರವರೆಗೆ ಹೈದರಾಬಾದು ರಾಜ್ಯದ ಭಾಗವಾಗಿದ್ದವು. ನಿಲಂಗಾ ಮತ್ತು ಉದಗೀರಗಳಂತೂ ಅಂದಿನ ಬೀದರ ಜಿಲ್ಲೆಯ ತಾಲ್ಲೂಕುಗಳೇ ಆಗಿದ್ದವು. ಕನ್ನಡ, ಮರಾಠಿ, ಉರ್ದು, ತೆಲುಗು ಭಾಷೆಗಳು ಒಂದೇ ಸಂತೆಯಲ್ಲಿ ಕೇಳಿಬರುವ ಈ ಸೀಮೆಯ ಚರಿತ್ರೆಯನ್ನು ಬರೆಯುವವರು ಕೋಟೆ, ಮಠ, ದರ್ಗಾಗಳ ಜೊತೆಗೆ ಗಡಿ ವಿವಾದವನ್ನೂ ತಪ್ಪದೆ ಪ್ರಸ್ತಾಪಿಸುತ್ತಾರಾದರೂ, ಅದೇ ರಾಜ್ಯವು ಭಾರತಕ್ಕೆ ಕೊಟ್ಟ ಫುಟ್‌ಬಾಲ್ ಪರಂಪರೆಯನ್ನು ರಾಜಧಾನಿಯ ಸೊತ್ತೆಂದು ಬಗೆದು ಕೈಬಿಡುವುದೇ ಹೆಚ್ಚು. ಆ ಪರಂಪರೆಯ ಬಹುಪಾಲು ಒಂದೇ ಮನೆಯಲ್ಲಿ ರೂಪುಗೊಂಡಿತು. ತಂದೆ ಸೈಯದ್ ಅಬ್ದುಲ್ ರಹೀಮ್ ತರಬೇತುದಾರರಾಗಿ, ಮಗ ಸೈಯದ್ ಶಾಹಿದ್ ಹಕೀಮ್ ಆಟಗಾರರಾಗಿ ಅದನ್ನು ಬೆಳೆಸಿದರು.

1909ರಲ್ಲಿ ಜನಿಸಿದ ರಹೀಮರು ವೃತ್ತಿಯಿಂದ ಶಾಲಾ ಶಿಕ್ಷಕರು. 1943ರಲ್ಲಿ ಹೈದರಾಬಾದು ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಯಾದ ಅವರು ಹೈದರಾಬಾದು ಸಿಟಿ ಪೊಲೀಸ್ ತಂಡದ ತರಬೇತಿಯ ಹೊಣೆಯನ್ನೂ ಹೊತ್ತರು. ಆ ಕಾಲದ ವೃತ್ತಿಪರ ಆಟದ ಸ್ವರೂಪವನ್ನು ಇಲ್ಲಿ ತಿಳಿಸಬೇಕು: ಇಂದಿನಂತೆ ಕ್ಲಬ್ಬುಗಳೊಡನೆ ಕರಾರು ಮಾಡಿಕೊಂಡು ಸಂಭಾವನೆ ಪಡೆಯುವ ಪದ್ಧತಿ ಬೇರೂರಿರದ ಕಾರಣ, ಪೊಲೀಸ್, ರೈಲ್ವೆ, ಸೇನೆಗಳಂಥ ಇಲಾಖೆಗಳು ಒಳ್ಳೆಯ ಆಟಗಾರರಿಗೆ ನೌಕರಿ ಕೊಟ್ಟು, ಅವರಿಂದಲೇ ತಂಡ ಕಟ್ಟುತ್ತಿದ್ದವು. ಹೀಗೆ ಕಟ್ಟಿದ ಪೊಲೀಸ್ ತಂಡವು ಮುಂಬಯಿಯ ಪ್ರತಿಷ್ಠಿತ ರೋವರ್ಸ್ ಕಪ್ಪನ್ನು 1950ರಿಂದ 1954ರವರೆಗೆ ಸತತ ಐದು ವರ್ಷ ಗೆದ್ದುಕೊಂಡಿತು.

ಈ ಗೆಲುವುಗಳ ಹಿಂದೆ ಇದ್ದದ್ದು ಮೇಷ್ಟರ ಪಾಠಕ್ರಮ. ಚೆಂಡನ್ನು ಕಾಲಲ್ಲೇ ಇಟ್ಟುಕೊಂಡು ಎದುರಾಳಿಗಳನ್ನು ಒಬ್ಬೊಬ್ಬರಾಗಿ ದಾಟಿ ಹೋಗುವ ಕೌಶಲಕ್ಕೆ ಡ್ರಿಬ್ಲಿಂಗ್ ಎಂದು ಹೆಸರು; ಭಾರತೀಯ ಪ್ರೇಕ್ಷಕರಿಗೆ ಅದು ಅಚ್ಚುಮೆಚ್ಚಾಗಿದ್ದ ದಿನಗಳಲ್ಲೇ ರಹೀಮರು ಡ್ರಿಬ್ಲಿಂಗ್ ನಿಷೇಧಿಸಿದ ಪಂದ್ಯಾವಳಿಗಳನ್ನು ಏರ್ಪಡಿಸಿ, ಚೆಂಡು ಬಂದೊಡನೆ ಜೊತೆಗಾರನಿಗೆ ದಾಟಿಸುವುದನ್ನು ಆಟಗಾರರಿಗೆ ರೂಢಿ ಮಾಡಿಸಿದರು. ಬಲಗಾಲಿನ ಆಟಗಾರ ಎಡಗಾಲನ್ನೂ ಪಳಗಿಸಿಕೊಳ್ಳಲೆಂದು ದುರ್ಬಲ ಕಾಲಿನಿಂದಲೇ ಒದೆಯಬೇಕಾದ ಪಂದ್ಯಗಳನ್ನೂ ನಡೆಸಿದರು. ಇವೆರಡಕ್ಕೂ ಹಣವಾಗಲಿ ಸಲಕರಣೆಯಾಗಲಿ ಹೆಚ್ಚು ಬೇಕಿರಲಿಲ್ಲ. ಮೈದಾನ, ಚೆಂಡು ಮತ್ತು ಪಾಠದ ಉದ್ದೇಶವನ್ನು ಅರಿತ ಗುರು ಇದ್ದರೆ ಸಾಕಾಗಿತ್ತು.

ರಾಷ್ಟ್ರೀಯ ತಂಡದ ತರಬೇತುದಾರರಾಗಿ ರಹೀಮರು ಕಂಡ ಯಶಸ್ಸು ಮತ್ತೆ ಯಾರಿಗೂ ದಕ್ಕಿಲ್ಲ. 1951ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತ ಚಿನ್ನ ಗೆದ್ದಿತು; 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಆಸ್ಟ್ರೇಲಿಯವನ್ನು 4–2ರಿಂದ ಸೋಲಿಸಿ ನಾಲ್ಕನೆಯ ಸ್ಥಾನ ಪಡೆಯಿತು. 1962ರಲ್ಲಿ, ಕ್ಯಾನ್ಸರ್ ದೇಹವನ್ನು ಕೊರೆಯುತ್ತಿದ್ದಾಗಲೇ, ಅವರು ತಂಡವನ್ನು ಜಕಾರ್ತಾ ಏಷ್ಯನ್ ಕ್ರೀಡಾಕೂಟಕ್ಕೆ ಕರೆದೊಯ್ದರು. ತಲೆಗೆ ಹೊಲಿಗೆ ಹಾಕಿಸಿಕೊಂಡಿದ್ದ ರಕ್ಷಣಾ ಆಟಗಾರ ಜರ್ನೈಲ್ ಸಿಂಗರನ್ನು ಮುಂಚೂಣಿಗೆ ತಂದು ನಿಲ್ಲಿಸಿದ ಅವರ ನಿರ್ಧಾರ ಫಲಿಸಿ, ಫೈನಲ್‌ನಲ್ಲಿ ಪಿ.ಕೆ. ಬ್ಯಾನರ್ಜಿ ಮತ್ತು ಜರ್ನೈಲ್ ಸಿಂಗ್ ಹೊಡೆದ ಗೋಲುಗಳಿಂದ ಭಾರತವು ದಕ್ಷಿಣ ಕೊರಿಯವನ್ನು 2–1ರಿಂದ ಸೋಲಿಸಿತು. ಮರುವರ್ಷ ಜೂನ್ 11ರಂದು ರಹೀಮರು ನಿಧನರಾದರು. ಏಷ್ಯನ್ ಕ್ರೀಡಾಕೂಟದ ಫುಟ್‌ಬಾಲ್ ಚಿನ್ನ ಆಮೇಲೆ ಭಾರತಕ್ಕೆ ಬಂದಿಲ್ಲ.

1939ರ ಜೂನ್ 23ರಂದು ಹುಟ್ಟಿದ ಹಕೀಮರಿಗೆ ಇಂಥ ತಂದೆಯ ಮಗನಾಗಿರುವುದು ಸಲೀಸಾದ ಸಂಗತಿಯಾಗಿರಲಿಲ್ಲ. ಮೈದಾನದ ಮಧ್ಯಭಾಗದಲ್ಲಿದ್ದು ರಕ್ಷಣೆಗೂ ದಾಳಿಗೂ ಕೊಂಡಿಯಾಗುವ ಮಿಡ್‌ಫೀಲ್ಡರ್ ಸ್ಥಾನದಲ್ಲಿ ಆಡುತ್ತಿದ್ದ ಅವರು 1960ರ ರೋಮ್ ಒಲಿಂಪಿಕ್ಸ್ ತಂಡಕ್ಕೆ ಆಯ್ಕೆಯಾದರೂ ಒಂದು ಪಂದ್ಯದಲ್ಲಿಯೂ ಕಣಕ್ಕಿಳಿಯಲಿಲ್ಲ. ಚಿನ್ನ ಗೆದ್ದ 1962ರ ತಂಡದಲ್ಲಿ ಅವರ ಹೆಸರೇ ಇರಲಿಲ್ಲ. ಎರಡೂ ಸಲ ತಂಡದ ಗುರು ತಂದೆಯೇ ಆಗಿದ್ದರು. ಮಗನೆಂಬ ಕಾರಣಕ್ಕೆ ರಿಯಾಯಿತಿ ತೋರದ ಆ ನಿಷ್ಠುರತೆಯನ್ನು, ಮನೆತನದ ಹೆಸರಿನಲ್ಲಿ ಅವಕಾಶ ಹಂಚಿಕೆಯಾಗುವ ಇಂದಿನ ದಿನಗಳಲ್ಲಿ ನೆನೆಯುವುದು ಅಗತ್ಯ.

ಭಾರತೀಯ ವಾಯುಸೇನೆಯ ಅಧಿಕಾರಿಯಾಗಿ ಸ್ಕ್ವಾಡ್ರನ್ ಲೀಡರ್ ಹುದ್ದೆಗೇರಿದ ಹಕೀಮರು ಸೇನಾಪಡೆಗಳ ಸರ್ವಿಸಸ್ ತಂಡಕ್ಕೆ ಆಡಿದರು. ಆಡುವ ವಯಸ್ಸು ದಾಟಿದ ಮೇಲೆ ಅವರು ಅಂತರರಾಷ್ಟ್ರೀಯ ಫುಟ್‌ಬಾಲ್ ಒಕ್ಕೂಟವಾದ ಫಿಫಾದ ಮಾನ್ಯತೆ ಪಡೆದ ರೆಫರಿಯಾಗಿ 1988ರ ಏಷ್ಯಾ ಕಪ್ ಪಂದ್ಯಗಳಲ್ಲಿ ಕಾರ್ಯನಿರ್ವಹಿಸಿದರು. 1982ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ ಪಿ.ಕೆ. ಬ್ಯಾನರ್ಜಿಯವರಿಗೆ ಸಹಾಯಕ ತರಬೇತುದಾರರಾಗಿದ್ದರು. 1998ರಲ್ಲಿ ಅವರ ತರಬೇತಿಯಲ್ಲಿ ಮಹೀಂದ್ರಾ ತಂಡ ಡ್ಯೂರಾಂಡ್ ಕಪ್ ಗೆದ್ದಿತು. ಆಟಗಾರ, ತೀರ್ಪುಗಾರ, ತರಬೇತುದಾರ ಎಂಬ ಮೂರು ಪಾತ್ರಗಳನ್ನೂ ನಿಭಾಯಿಸಿದ ಅವರಿಗೆ ಧ್ಯಾನಚಂದ್ ಪ್ರಶಸ್ತಿ 2017ರಲ್ಲಿ, ಎಪ್ಪತ್ತೆಂಟನೆಯ ವಯಸ್ಸಿನಲ್ಲಿ ಬಂದಿತು. 2021ರ ಆಗಸ್ಟ್ 22ರಂದು ಅವರು ಕೊನೆಯುಸಿರೆಳೆದದ್ದು ಉಮರ್ಗಾಕ್ಕೆ ನೆರೆಯಾದ ಕಲಬುರಗಿಯಲ್ಲಿ.

ಗುರುಪರಂಪರೆಯಿಂದ ಆಟ ಬೆಳೆಯುತ್ತದೆಂಬುದು ಈ ಗಡಿಸೀಮೆಗೆ ಹೊಸ ಮಾತಲ್ಲ. ಗರಡಿಮನೆಯನ್ನು ಇಲ್ಲಿ ತಾಲೀಮು ಎನ್ನುತ್ತಾರೆ. ಆ ಕುಸ್ತಿ ಸಂಸ್ಕೃತಿಯಲ್ಲಿ ಬೆಳೆದ, ನಿಲಂಗಾ ತಾಲ್ಲೂಕಿನ ರಾಮಲಿಂಗ ಮುದಗಡದ ಹರಿಶ್ಚಂದ್ರ ಬಿರಾಜದಾರರು 1970ರ ಎಡಿನ್‌ಬರೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದು, ಮುಂದೆ ತಾವೇ ಪೈಲವಾನರನ್ನು ತಯಾರು ಮಾಡುವ ಗುರುಗಳಾದರು. ಕುಸ್ತಿಗೆ ಹಳ್ಳಿಹಳ್ಳಿಯಲ್ಲಿ ತಾಲೀಮು ಇತ್ತು. ಫುಟ್‌ಬಾಲ್ ಮಾತ್ರ ದಂಡುಪ್ರದೇಶ ಮತ್ತು ಪೊಲೀಸ್ ಲೈನುಗಳ ಆಸರೆಯಲ್ಲಿ ಬೆಳೆದು, 1956ರಲ್ಲಿ ಹೈದರಾಬಾದು ರಾಜ್ಯ ಮೂರು ಪಾಲಾದಾಗ ರಾಜಧಾನಿ ನಗರದಲ್ಲೇ ಉಳಿಯಿತು.

ಗಡಿಭಾಗದ ಕನ್ನಡ, ಮರಾಠಿ, ಉರ್ದು ಶಾಲೆಗಳ ದೈಹಿಕ ಶಿಕ್ಷಕರು ರಹೀಮರ ಎರಡು ಪಾಠಗಳನ್ನು, ಅಂದರೆ ಡ್ರಿಬ್ಲಿಂಗ್ ಇಲ್ಲದ ಪಂದ್ಯವನ್ನೂ ದುರ್ಬಲ ಕಾಲಿನ ಪಂದ್ಯವನ್ನೂ, ವಾರಕ್ಕೊಂದು ತಾಸು ಆಡಿಸಲು ಯಾವ ಸರ್ಕಾರದ ಅಪ್ಪಣೆಯೂ ಬೇಕಿಲ್ಲ. ರಹೀಮರೂ ಶಾಲಾ ಮೇಷ್ಟರೇ ಆಗಿದ್ದರೆಂಬುದನ್ನು ನೆನಪಿಟ್ಟು, ಆ ಕೆಲಸವನ್ನು ಈ ಶಾಲೆಗಳು ಕೈಗೆತ್ತಿಕೊಳ್ಳಬೇಕು.