ಕಾನ್ಸೆಪ್ಟ್ ಪಿಕಪ್ ನೋಡೋಕೆ ಚೆಂದ, ಮೂಟೆ ಎಲ್ಲಿ ಹಾಕೋದು?

2025ರ ಆಗಸ್ಟ್ 15ರಂದು ಮಹೀಂದ್ರಾ ಕಂಪನಿ ಮುಂಬೈನಲ್ಲಿ ನಾಲ್ಕು ಕಾನ್ಸೆಪ್ಟ್ ಗಾಡಿ ತೋರಿಸಿತು. ಅದರಲ್ಲಿ ವಿಷನ್ ಎಸ್‌ಎಕ್ಸ್‌ಟಿ ಪಿಕಪ್ ಮಾದರಿಯದ್ದು. ಹಿಂದೆ ಲೋಡ್ ಹಾಕುವ ಜಾಗದಲ್ಲಿ ಎರಡು ಸ್ಟೆಪ್ನಿ ಮಲಗಿಸಿದ್ದರು. ಕಾರು ಹುಚ್ಚಿರುವವರಿಗೆ ಆ ಗತ್ತೇ ಇಷ್ಟ. ಅಂಗಡಿಯವರ ಪ್ರಶ್ನೆ ಬೇರೆ: ಮೂಟೆ ಎಲ್ಲಿ ಹಾಕೋದು?

ಕಾನ್ಸೆಪ್ಟ್ ಅಂದರೆ ಮಾರಾಟಕ್ಕಿಟ್ಟ ಗಾಡಿ ಅಲ್ಲ. ಮುಂದೆ ಹೀಗೆ ಮಾಡ್ತೀವಿ, ಜನ ಏನಂತಾರೆ ನೋಡೋಣ ಎಂದು ಕಂಪನಿ ಮಾಡುವ ಮಾದರಿ. ಸುರಕ್ಷತಾ ನಿಯಮ, ಖರ್ಚಿನ ಲೆಕ್ಕ ಬಂದಾಗ ಚಕ್ರ, ಕನ್ನಡಿ, ದೀಪ ಬದಲಾಗುತ್ತವೆ. ಸಮಯವೂ ಹಿಡಿಯುತ್ತದೆ. ಟಾಟಾ ಸಿಯೆರಾ 2020ರ ಆಟೋ ಎಕ್ಸ್‌ಪೋದಲ್ಲಿ ಕಾನ್ಸೆಪ್ಟ್ ಆಗಿ ಕಾಣಿಸಿಕೊಂಡಿತ್ತು. ಮಾರುಕಟ್ಟೆಗೆ ಬಂದಿದ್ದು 2025ರ ನವೆಂಬರ್‌ನಲ್ಲಿ.

ಕಾರು ಪ್ರಿಯರಲ್ಲೂ ಎರಡು ಮಾತಿದೆ. ಮನೆಯವರೂ ಕೂರಬೇಕು, ಸಾಮಾನೂ ಹಿಡಿಸಬೇಕು, ಡಬಲ್ ಕ್ಯಾಬ್ ಪಿಕಪ್ ಬೇಕೇ ಬೇಕು ಎನ್ನುವುದು ಒಂದು. ರೇಟು ನೋಡಿ ಮಾತಾಡಿ ಎನ್ನುವುದು ಇನ್ನೊಂದು. 2022ರಲ್ಲಿ ಇಲ್ಲಿಗೆ ಬಂದ ಟೊಯೊಟಾ ಹೈಲಕ್ಸ್‌ನ ಆರಂಭಿಕ ಎಕ್ಸ್ ಶೋರೂಂ ಬೆಲೆಯೇ 33.99 ಲಕ್ಷ ರೂ. ಇತ್ತು.

ಬೋರ್ಡ್ ವಿಷಯವೂ ಇದೆ. ವೈಟ್ ಬೋರ್ಡ್ ಗಾಡಿಯಲ್ಲಿ ಬಾಡಿಗೆಗೆ ಲೋಡ್ ಹೊಡೆಯುವಂತಿಲ್ಲ, ಅದಕ್ಕೆ ಯೆಲ್ಲೋ ಬೋರ್ಡ್ ಬೇಕು.

ಹಾಗಾಗಿ ಫೋಟೋ ನೋಡಿ ದುಡಿಯುವ ಗಾಡಿ ಮಾರಬೇಡಿ. ಬೆಲೆ ಎಷ್ಟು, ಎಷ್ಟು ಕೆಜಿ ಹೊರುತ್ತೆ, ಯಾವ ಬೋರ್ಡ್? ಈ ಮೂರೂ ಬರವಣಿಗೆಯಲ್ಲಿ ಕೈಗೆ ಬಂದ ಮೇಲೇ ಅಡ್ವಾನ್ಸ್ ಮಾತು.