ಮುಸುಕಿನ ಜೋಳದ ಬೀಜದ ಆಯ್ಕೆ

ಮುಸುಕಿನ ಜೋಳದ ರಾಶಿಯು ಕಣಕ್ಕೆ ಬಂದ ಮೇಲೆ ದಪ್ಪ ತೆನೆಗಳನ್ನು ನೋಡಿ ಬೀಜಕ್ಕೆಂದು ಎತ್ತಿಡುವುದು ರೈತರಲ್ಲಿ ರೂಢಿಯಾಗಿ ಬಂದಿರುತ್ತದೆ. ಇದರಿಂದ ಇಳುವರಿಯು ಹೆಚ್ಚುವುದು ಅಪರೂಪ. ಗೊಬ್ಬರವು ಹೆಚ್ಚಾಗಿ ಬಿದ್ದ ಕಡೆಯಲ್ಲಿಯೂ, ನೆರೆಯ ಗಿಡಗಳು ಸತ್ತು ತೆರಪಾದ ಕಡೆಯಲ್ಲಿಯೂ, ಬದುವಿನ ಅಂಚಿನಲ್ಲಿಯೂ ಎಂತಹ ಕೀಳು ತಳಿಯ ಗಿಡವಾದರೂ ದಪ್ಪ ತೆನೆಯನ್ನು ಬಿಡುವುದು. ಆ ದಪ್ಪವು ಮಣ್ಣಿನದೇ ಹೊರತು ಬೀಜದ್ದಲ್ಲ.

ಇನ್ನೊಂದು ತೊಡಕುಂಟು. ಈ ಗಿಡದ ಗಂಡು ಹೂವು ತುದಿಯಲ್ಲಿಯೂ ಹೆಣ್ಣು ಹೂವು ನಡುವಿನ ತೆನೆಯಲ್ಲಿಯೂ ಇರುತ್ತವೆ. ತೆನೆಯಿಂದ ಹೊರಬರುವ ರೇಷ್ಮೆಯಂತಹ ಎಳೆ ಒಂದೊಂದೂ ಒಂದೊಂದು ಕಾಳಿಗೆ ಸೇರಿದ್ದು. ಗಾಳಿಯಲ್ಲಿ ಬಂದ ಪರಾಗವು ಎಳೆಗೆ ತಗುಲಿದರೆ ಮಾತ್ರ ಆ ಕಾಳು ಕಟ್ಟುವುದು. ಆದುದರಿಂದ ಒಂದೇ ತೆನೆಯ ಕಾಳುಗಳಿಗೆ ತಾಯಿ ಒಬ್ಬಳಾದರೂ ತಂದೆಗಳು ಹಲವರು.

ಹೀಗಿದ್ದರೂ ಆಯ್ಕೆಯು ವ್ಯರ್ಥವಲ್ಲ. ಅಮೆರಿಕದ ಇಲಿನಾಯ್ ಪ್ರಾಂತದಲ್ಲಿ ಹಾಪ್ಕಿನ್ಸ್ ಎಂಬ ವಿದ್ವಾಂಸರು ೧೮೯೬ರಲ್ಲಿ ೧೬೩ ತೆನೆಗಳ ಕಾಳನ್ನು ಪರೀಕ್ಷಿಸಿ, ಎಣ್ಣೆಯು ಹೆಚ್ಚಾಗಿದ್ದ ತೆನೆಗಳನ್ನೂ ಕಡಿಮೆಯಾಗಿದ್ದ ತೆನೆಗಳನ್ನೂ ಬೇರೆಬೇರೆಯಾಗಿ ಬಿತ್ತಿಸತೊಡಗಿದರು. ಮೊದಲು ನೂರಕ್ಕೆ ೫ಕ್ಕೂ ಕಡಿಮೆಯಿದ್ದ ಎಣ್ಣೆಯು ೫೦ ಪೀಳಿಗೆಗಳಾಗುವಷ್ಟರಲ್ಲಿ ಒಂದು ವಂಶದಲ್ಲಿ ಸುಮಾರು ೧೫ಕ್ಕೇರಿ, ಇನ್ನೊಂದರಲ್ಲಿ ಸುಮಾರು ೧ಕ್ಕಿಳಿಯಿತು. ಇಳುವರಿಯನ್ನು ಹೆಚ್ಚಿಸುವುದು ಇಷ್ಟು ಸುಲಭವಲ್ಲ. ಅದು ಮಣ್ಣು ನೀರುಗಳಿಗೆ ಬಹಳವಾಗಿ ಒಳಪಟ್ಟದ್ದು. ಇದಕ್ಕೆ ನೆಬ್ರಾಸ್ಕದ ಗಾರ್ಡ್ನರ್ ಎಂಬವರು ೧೯೬೧ರಲ್ಲಿ ಪ್ರಕಟಿಸಿದ ಉಪಾಯವು ಬಹು ಸರಳವಾದುದು: ಹೊಲವನ್ನು ಚಿಕ್ಕ ಮಡಿಗಳಾಗಿ ವಿಂಗಡಿಸಿ, ಆಯಾ ಮಡಿಯ ಗಿಡಗಳನ್ನು ಅದೇ ಮಡಿಯ ಗಿಡಗಳೊಡನೆ ಮಾತ್ರ ಹೋಲಿಸಿ ಆರಿಸತಕ್ಕದ್ದು.

ಆದಕಾರಣ ಬೀಜದ ಗಿಡಗಳನ್ನು ಪೈರು ನಿಂತಿರುವಾಗಲೇ ಗುರುತಿಸಬೇಕು. ನಾಲ್ಕು ಕಡೆಯೂ ನೆರೆಯ ಗಿಡಗಳಿದ್ದು, ಬಾಗದೆ ನಿಂತು, ತೆನೆಯ ತುದಿಯವರೆಗೂ ಕಾಳು ಕಟ್ಟಿರುವ ಗಿಡವೇ ಯೋಗ್ಯ. ಕೇದಿಗೆ ರೋಗದ ಗಿಡಗಳನ್ನು ಕಂಡೊಡನೆಯೇ ಕಿತ್ತು ಸುಡತಕ್ಕದ್ದು. ನಾಲ್ಕಾರು ತೆನೆಗಳಿಂದಲೇ ವರ್ಷವರ್ಷವೂ ಬೀಜ ಮಾಡುವುದು ಅಪಾಯಕರ. ರಕ್ತಸಂಬಂಧಿಗಳ ಕೂಟದಿಂದ ಗಿಡಗಳು ಕುಗ್ಗುವುವು. ನೂರಾರು ತೆನೆಗಳಿಂದ ಸಮನಾಗಿ ಕಾಳು ತೆಗೆದು ಬೆರಸುವುದು ಕ್ಷೇಮ.

ಅಂಗಡಿಯಲ್ಲಿ ಕೊಂಡ ಸಂಕರ ಬೀಜಕ್ಕೆ ಈ ಕ್ರಮವು ಸಲ್ಲದು. ೧೯೬೧ರಿಂದ ಭಾರತದಲ್ಲಿ ಪ್ರಚಾರಕ್ಕೆ ಬಂದ ಈ ಬೀಜದ ಬೆಳೆಯಿಂದಲೇ ಮತ್ತೆ ಬಿತ್ತಿದರೆ ಎರಡನೆಯ ವರ್ಷವೇ ಫಸಲು ಇಳಿಯುವುದು. ನಾಡತಳಿಗಳಿಗೂ, ಹಲವು ತಳಿಗಳನ್ನು ಬೆರಸಿ ಮಾಡಿದ ಸಂಯುಕ್ತ ತಳಿಗಳಿಗೂ ಮಾತ್ರ ಇದು ಅನ್ವಯಿಸುತ್ತದೆ.

ಒಬ್ಬ ರೈತನು ಎಷ್ಟು ಶ್ರಮಪಟ್ಟರೂ ಪಕ್ಕದ ಹೊಲದ ಪರಾಗವನ್ನು ತಡೆಯಲಾರನು. ಇಲ್ಲಿ ಗ್ರಾಮದ ಮುಖಂಡರ ಸಹಾಯವು ಅವಶ್ಯಕ. ಬೀಜದ ಹೊಲದ ಸುತ್ತ ೨೦೦ ಮೀಟರಿನೊಳಗೆ ಬೇರೆ ಮುಸುಕಿನ ಜೋಳವನ್ನು ಬಿತ್ತದಂತೆ, ಅಥವಾ ಎರಡೂ ಒಂದೇ ಕಾಲಕ್ಕೆ ಹೂವು ಬಿಡದಂತೆ ಬಿತ್ತನೆಯನ್ನು ಹಿಂದುಮುಂದು ಮಾಡುವಂತೆ, ಮುಂಗಾರಿಗೆ ಮೊದಲೇ ನೆರೆಹೊರೆಯವರನ್ನು ಒಪ್ಪಿಸತಕ್ಕದ್ದು.