ಗಾಳಿಯ ಮರೆ, ಗೆಲುವಿನ ಮರ್ಯಾದೆ

ಆಷಾಢದ ಗಾಳಿ ದಾವಣಗೆರೆಯ ಜನರಿಗೆ ಹೊಸದೇನಲ್ಲ. ಪಡುವಣದಿಂದ ಬೀಸುವ ಆ ಗಾಳಿಗೆ ಎದೆಯೊಡ್ಡಿ ಹರಿಹರದತ್ತ ಸೈಕಲ್ ತುಳಿದವರಿಗೆ ಸುಮಾರು 14 ಕಿಲೋಮೀಟರಿನ ಹಾದಿ ಅದರ ಎರಡರಷ್ಟಾಗಿ ತೋರುತ್ತದೆ.

ನಾವು ಪ್ರೌಢಶಾಲೆಯಲ್ಲಿ ಓದುತ್ತಿದ್ದಾಗ ಅಂಥದೇ ಒಂದು ಭಾನುವಾರ ಗೆಳೆಯನೊಬ್ಬನೊಡನೆ ಪಂತ ಕಟ್ಟಿ ಹೊರಟೆವು. ತುಂಗಭದ್ರೆಯ ಸೇತುವೆಯನ್ನು ಮೊದಲು ಮುಟ್ಟಿದವನೇ ಗೆದ್ದವನು. ಒಬ್ಬನ ಮರೆಯಲ್ಲಿ ಇನ್ನೊಬ್ಬನು ಬರಕೂಡದು. ದೊಡ್ಡಬಾತಿ ದಾಟುವವರೆಗೆ ಆ ಮಾತು ಉಳಿಯಿತು. ಕಾಲು ಸೋತಾಗ ನಾವು ಸದ್ದಿಲ್ಲದೆ ಅವನ ಹಿಂದಿನ ಚಕ್ರಕ್ಕೆ ಅಂಟಿಕೊಂಡೆವು. ಗಾಳಿಯ ಹೊಡೆತ ಒಮ್ಮೆಲೇ ತಗ್ಗಿತು. ಹೊಳೆ ಕಂಡೊಡನೆ ಮುನ್ನುಗ್ಗಿ ಗೆದ್ದೆವು. ಗೆಳೆಯನು ಜಗಳವಾಡಲಿಲ್ಲ. "ಗಾಳಿ ತಿಂದೋನು ನಾನು, ಗೆದ್ದೋನು ನೀನು ಬಿಡಪ್ಪ" ಎಂದಷ್ಟೇ ನುಡಿದನು. ಆ ಗೆಲುವಿನ ಸವಿ ಅಂದೇ ಕಳೆಯಿತು. ಆ ಮಾತು ಮಾತ್ರ ಇಂದಿಗೂ ಉಳಿದಿದೆ.

ಬಾಲ್ಯದ ಈ ಸಣ್ಣ ಪ್ರಸಂಗವೇ ಜಗತ್ತಿನ ಅತ್ಯಂತ ಕಠಿಣ ಕ್ರೀಡೆಗಳಲ್ಲಿ ಒಂದಾದ ಟ್ರಯಥ್ಲಾನ್‌ನ ದೊಡ್ಡ ವಿವಾದವೂ ಆಗಿದೆ ಎಂಬುದನ್ನು ಅರಿತಾಗ ನಮಗೆ ಅಚ್ಚರಿಯಾಯಿತು.

ಮೂರು ಆಟಗಳ ಒಂದು ಪಂದ್ಯ

ಈಜು, ಸೈಕಲ್ ಸವಾರಿ, ಓಟ ಈ ಮೂರನ್ನೂ ಒಂದರ ಹಿಂದೊಂದು ಪೂರೈಸುವುದೇ ಟ್ರಯಥ್ಲಾನ್. ಅದರಲ್ಲಿ ದೀರ್ಘವಾದುದು 1978ರಲ್ಲಿ ಹವಾಯಿಯಲ್ಲಿ ಆರಂಭವಾದ 'ಐರನ್‌ಮ್ಯಾನ್'. 3.8 ಕಿ.ಮೀ. ಈಜು, 180 ಕಿ.ಮೀ. ಸೈಕಲ್, 42.2 ಕಿ.ಮೀ. ಓಟ. ನಮ್ಮ ದಾವಣಗೆರೆ, ಹರಿಹರ ನಿಲ್ದಾಣಗಳು ಸೇರಿರುವ ನೈಋತ್ಯ ರೈಲ್ವೆಯ ಅಧಿಕಾರಿ ಶ್ರೇಯಸ್ ಹೊಸೂರು ಅವರು 2022ರ ಜೂನ್‌ನಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಈ ಪಂದ್ಯವನ್ನು ಪೂರೈಸಿ ನಾಡಿಗೆ ಹೆಮ್ಮೆ ತಂದರು.

ವೇಗ ಹೆಚ್ಚಿದಂತೆ ಸೈಕಲ್ ಸವಾರನ ಬಹುಪಾಲು ಶಕ್ತಿ ಗಾಳಿಯನ್ನು ಸೀಳುವುದಕ್ಕೇ ವ್ಯಯವಾಗುತ್ತದೆ. ವೇಗ ಎರಡರಷ್ಟಾದರೆ ಗಾಳಿಯ ತಡೆ ನಾಲ್ಕರಷ್ಟಾಗುತ್ತದೆ. ಮುಂದಿನವನ ಬೆನ್ನಿಗೇ ಅಂಟಿ ಸಾಗುವವನಿಗೆ ಕಾಲುಭಾಗಕ್ಕೂ ಮಿಗಿಲಾದ ಶ್ರಮ ಉಳಿಯಬಹುದು. ಹೀಗೆ ಮರೆ ಹಿಡಿಯುವುದಕ್ಕೆ 'ಡ್ರಾಫ್ಟಿಂಗ್' ಎಂದು ಹೆಸರು. ಉಳಿಸಿದ ಆ ಕಸುವು ಮುಂದಿನ ಓಟದಲ್ಲಿ ಫಲ ಕೊಡುತ್ತದೆ. ಬಹುಮಾನದ ಹಣದಿಂದಲೇ ಜೀವನ ಸಾಗಿಸುವ ವೃತ್ತಿಪರ ಆಟಗಾರರಿಗೆ ಇದು ಅನ್ನದ ಪ್ರಶ್ನೆ.

ನಿಯಮದ ಕಣ್ಣು, ಮನದ ಕಣ್ಣು

ಆದುದರಿಂದ ಐರನ್‌ಮ್ಯಾನ್ ಪಂದ್ಯಗಳಲ್ಲಿ ಮರೆ ಹಿಡಿಯುವುದು ನಿಷಿದ್ಧ. ಇಬ್ಬರು ಸವಾರರ ನಡುವೆ 12 ಮೀಟರ್ ಅಂತರವಿರಬೇಕೆಂಬುದು ಬಹುಕಾಲದಿಂದ ಬಂದ ನಿಯಮ. ಕೆಲವು ವೃತ್ತಿಪರ ಪಂದ್ಯಗಳಲ್ಲಿ ಇದು 20 ಮೀಟರ್. ಮೋಟಾರ್ ಸೈಕಲ್ಲಿನಲ್ಲಿ ಸುತ್ತುವ ತೀರ್ಪುಗಾರರ ಕೈಗೆ ಸಿಕ್ಕವನು 5 ನಿಮಿಷ ಸುಮ್ಮನೆ ನಿಂತು ದಂಡ ತೆರಬೇಕು. ಮೂರನೆಯ ಬಾರಿ ಸಿಕ್ಕಿದರೆ ಪಂದ್ಯದಿಂದಲೇ ಹೊರಗೆ. ಅಂತರವನ್ನು ಅಳೆದು ದೀಪದ ಬಣ್ಣದಿಂದ ಎಚ್ಚರಿಸುವ ಉಪಕರಣವೂ ಈಚಿನ ವರ್ಷಗಳಲ್ಲಿ ಸೈಕಲ್ಲಿಗೆ ಏರಿದೆ.

ಆದರೆ 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಟ್ರಯಥ್ಲಾನ್ ಮೊದಲ ಬಾರಿ ಸೇರಿದಾಗ ಇದೇ ಮರೆಗೆ ಅನುಮತಿಯಿತ್ತು, ಇಂದಿಗೂ ಇದೆ. ಅಲ್ಲಿ ಸವಾರರು ಗುಂಪಾಗಿ ಸಾಗುತ್ತ ಸರದಿಯಂತೆ ಮುಂದೆ ಬಂದು ಗಾಳಿಯನ್ನು ಹಂಚಿಕೊಳ್ಳುತ್ತಾರೆ. ಸರದಿ ತಪ್ಪಿಸಿ ಕೊನೆಯವರೆಗೂ ಹಿಂದೆಯೇ ಕುಳಿತವನಿಗೆ ದಂಡವೇನೂ ಇಲ್ಲ. ಜೊತೆಯವರ ಅಸಮಾಧಾನ ಮಾತ್ರ ಉಂಟು.

ಹಾಗಾದರೆ ಮರೆ ಹಿಡಿಯುವುದು ತಪ್ಪೋ ಸರಿಯೋ? ಮರೆಯಲ್ಲಿ ದೋಷವಿಲ್ಲ, ಕೊಟ್ಟ ಮಾತನ್ನು ಮುರಿಯುವುದರಲ್ಲಿ ದೋಷವಿದೆ ಎಂದು ನಮಗೆ ತೋರುತ್ತದೆ. ಹೇಳಿ ಹಂಚಿಕೊಂಡರೆ ಅದು ಸಹಕಾರ. ಹೇಳದೆ ಕಸಿದುಕೊಂಡರೆ ಕಳವು. ದುಗ್ಗಮ್ಮನ ಜಾತ್ರೆಯ ಕುಸ್ತಿ ಕಣದಲ್ಲಿ ಪೈಲ್ವಾನನ ಒಂದೊಂದು ಪಟ್ಟನ್ನೂ ಸುತ್ತ ನೆರೆದ ಜನ ಕಾಣುತ್ತಾರೆ. 180 ಕಿಲೋಮೀಟರಿನ ರಸ್ತೆಯಲ್ಲಿ ಅಷ್ಟು ಕಣ್ಣುಗಳಿಲ್ಲ. ಅಲ್ಲಿ ಬಹುಪಾಲು ದಾರಿಗೆ ಆಟಗಾರನೇ ತನಗೆ ತೀರ್ಪುಗಾರ.

ಅಂಥ ತೀರ್ಪುಗಾರನೊಬ್ಬನನ್ನು 2020ರ ಸೆಪ್ಟೆಂಬರ್‌ನಲ್ಲಿ ಸ್ಪೇನಿನ ಸಾಂತಾಂದೇರ್ ಊರಿನ ಪಂದ್ಯ ಜಗತ್ತಿಗೆ ತೋರಿಸಿತು. ಗುರಿ ಇನ್ನೇನು ಬಂತು ಎನ್ನುವಾಗ ಮೂರನೆಯವನಾಗಿ ಓಡುತ್ತಿದ್ದ ಬ್ರಿಟನ್ನಿನ ಜೇಮ್ಸ್ ಟೀಗಲ್ ದಾರಿ ತಪ್ಪಿದನು. ಹಿಂದಿದ್ದ ಸ್ಪೇನಿನ ದಿಯೇಗೊ ಮೆಂತ್ರಿದಾ ಅವನನ್ನು ದಾಟಿದನಾದರೂ ಗೆರೆಯ ಮುಂದೆ ನಿಂತು, ಟೀಗಲ್‌ಗೆ ಮೂರನೆಯ ಸ್ಥಾನ ಬಿಟ್ಟುಕೊಟ್ಟನು. ಹಾಗೆ ಮಾಡೆಂದು ಯಾವ ನಿಯಮವೂ ಅವನಿಗೆ ಹೇಳಿರಲಿಲ್ಲ. ಸಂಘಟಕರು ಅವನಿಗೂ ಮೂರನೆಯ ಸ್ಥಾನದ ಗೌರವ ಮತ್ತು ಅಷ್ಟೇ ಬಹುಮಾನ ನೀಡಿದರು.

ಮನೆಯಲ್ಲಿ ಕಲಿಯುವ ಪಾಠ

ಶಾಲೆಯ ಕ್ರೀಡಾಕೂಟದಿಂದ ಮನೆಗೆ ಬಂದ ಮಗುವನ್ನು ನಾವು ಮೊದಲು ಕೇಳುವ ಪ್ರಶ್ನೆ "ಎಷ್ಟನೇ ನಂಬರು ಬಂತು?" ಎಂಬುದೇ. "ಹೇಗೆ ಆಡಿದೆ?" ಎಂದು ಕೇಳುವ ತಂದೆತಾಯಿಗಳು ವಿರಳ. ಎರಡನೆಯ ಪ್ರಶ್ನೆಯನ್ನು ಮೊದಲು ಕೇಳುವ ಮನೆಯಲ್ಲಿ, ಯಾರೂ ನೋಡದ ರಸ್ತೆಯಲ್ಲಿಯೂ ಅಂತರ ಕಾಯುವ ಮಗು ಬೆಳೆದೀತು.

ಇಂದಿಗೂ ಹರಿಹರದ ಸೇತುವೆಯ ಮೇಲೆ ಹೋಗುವಾಗ ಗಾಳಿ ಮುಖಕ್ಕೆ ಬಡಿದರೆ ನಮಗೆ ಆ ಗೆಳೆಯನ ನೆನಪಾಗುತ್ತದೆ. ಅಂದಿನ ಪಂತದಲ್ಲಿ ಗೆದ್ದವನು ಅವನೇ ಎಂದು ತಡವಾಗಿಯಾದರೂ ಇಲ್ಲಿ ಒಪ್ಪಿಕೊಳ್ಳುತ್ತೇವೆ.